ಎಲ್ಲರಿಗೂ ಒಳಿತು ಬೇಡುವ ಲಾರಿಯವ

ಮಿರಜದಿಂದ ರೈಲಿನಲ್ಲಿ ಬರುವ ಅರ್ಧ ಮಣ ಮಂಜುಗಡ್ಡೆಗೆ ಎರಡು ರೂಪಾಯಿ. ಕಟ್ಟಿಗೆಯ ಹೊಟ್ಟಿನಲ್ಲಿಟ್ಟು ಗೋಣಿ ಸುತ್ತಿದರೂ ಕುಡಚಿ ಸ್ಟೇಶನ್ನಿಂದ ರಬಕವಿ ಮುಟ್ಟುವಷ್ಟರಲ್ಲಿ ಅರ್ಧ ನೀರಾಗಿರುತ್ತದೆ. ಉಳಿದರ್ಧಕ್ಕಾಗಿ ವಸಾವಾ ಸಿಂಗ ನಸುಕಿನಲ್ಲೇ ಲಾರಿಗೆ ಹ್ಯಾಂಡಲ್ ಹಾಕುತ್ತಾನೆ. ಹೆಂಡತಿ ಬಸಂತ ಕೌರಳಿಗೆ ವಿಷಮಜ್ವರ, ಹಣೆಗೆ ಮಂಜುಗಡ್ಡೆ ಇಡಬೇಕು. ಇಂದಿಗೆ ಹದಿನೇಳು ದಿನ.

ರಬಕವಿಯ ಮಗ್ಗಗಳಿಗೆ ಸ್ಟೇಶನ್ನಿಂದ ನೂಲು ತರುವವನು ಇವನು. ದಿನಕ್ಕೆ ಹನ್ನೆರಡು ಗಂಟು, ಹನ್ನೊಂದು ವರ್ಷದಿಂದ. ಸೀರೆ ಉಡುವವರಿಗೆ ನೇಕಾರ ಗೊತ್ತು, ಸಾವಕಾರ ಗೊತ್ತು, ಇವನು ಗೊತ್ತಿಲ್ಲ. ಪಂಜಾಬದಿಂದ ರೈಲ್ವೆ ಕೆಲಸಕ್ಕೆ ಬಂದವ ಇಲ್ಲೇ ನಿಂತ.

ಲಾರಿ ಬಿಡುವ ಮೊದಲು ಇನ್ನೊಂದು ಕೆಲಸವಿದೆ. ತಲೆ ಮುಚ್ಚಿಕೊಂಡು, ಬಟ್ಟೆಯಲ್ಲಿ ಸುತ್ತಿಟ್ಟ ಸಣ್ಣ ಪುಸ್ತಕ ತೆಗೆದು, ಹಾಸಿಗೆಯ ಪಕ್ಕ ಕೂತು ಸುಖಮನಿ ಎಂಬ ಗುರುವಿನ ಪದಗಳನ್ನು ಓದುತ್ತಾನೆ. ಒಂದೂವರೆ ತಾಸು. ಮನೆಯಲ್ಲಿ ಕಾಯಿಲೆಯಾದರೆ ಸಿಖ್ಖರಲ್ಲಿ ಹೀಗೆ ಓದುವ ರೂಢಿಯಿದೆ. ಮುಗಿಸಿ ಎದ್ದುನಿಂತು, ಕೈಜೋಡಿಸಿ ಅರದಾಸ ಎಂಬ ಪ್ರಾರ್ಥನೆ ಹೇಳುತ್ತಾನೆ. ಆಮೇಲೆ ಡಾಕ್ಟರರ ಔಷಧ, ಗಂಜಿಯ ತಿಳಿ. “ಔಷಧ ಬಿಟ್ಟು ಬರೇ ಓದ್ರಿ ಅಂತ ಗುರು ಎಲ್ಲೂ ಹೇಳಿಲ್ರಿ” ಎನ್ನುತ್ತಾನೆ.

ಅವನು ಹೋದ ಮೇಲೆ ರೋಗಿಯನ್ನು ನೋಡಿಕೊಳ್ಳುವವಳು ನೆರೆಮನೆಯ ಲಗಮವ್ವ. ನೂಲು ಸುತ್ತುವ ರಾಟಿ ಇಲ್ಲಿಗೇ ತಂದಿಟ್ಟುಕೊಂಡಿದ್ದಾಳೆ. ಪ್ರಾರ್ಥನೆಯ ಕೊನೆಯ ಮಾತಿನ ಅರ್ಥವೇನೆಂದು ಒಂದು ದಿನ ಕೇಳಿದಳು. ದೇವರೇ, ನಿನ್ನ ಇಚ್ಛೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ ಎಂದು ಅವನು ಬಿಡಿಸಿ ಹೇಳಿದ. ಅವಳಿಗೆ ಸಿಟ್ಟು ಬಂತು.

“ಎಂಥಾ ಮನಷ್ಯಾ ಅದಿಯೋ ಸಿಂಗಣ್ಣ? ಹೇಂತಿ ಸಾಯಾಕತ್ತಾಳ, ನೀ ಊರ ಮಂದಿಗೆ ಬೇಡಾಕತ್ತಿ. ತೂಕದಾಗ ನೂಲು ನುಂಗೂ ಆ ಸಾವಕಾರಗೂ ಒಳ್ಳೇದಾಗಬೇಕೇನ?”

“ಅಂವಗೂ ಆಗ್ಲಿ ಅಕ್ಕಾ. ಇಕಿ ಹೆಸರೂ ಹೇಳೇನಿ. ಇಕಿದೊಂದ ಹೇಳಿ ಬಾಗಲಾ ಹಾಕ್ಕೊಳ್ಳಾಕ ಬರೂದಿಲ್ಲ.”

ಹಾಗಾದರೆ ಇವಳೊಬ್ಬಳಿಗಾಗಿ ತಾನೇ ಬೇಡುತ್ತೇನೆಂದು ಲಗಮವ್ವ ತನ್ನ ದೇವಿಗೆ ಐದು ಶುಕ್ರವಾರ ಉಪವಾಸದ ಹರಕೆ ಹೊತ್ತಳು. ವಸಾವಾ ಸಿಂಗ ಬೇಡವೆನ್ನಲಿಲ್ಲ. ಮೊದಲ ಶುಕ್ರವಾರ ಕುಡಚಿಯಿಂದ ಅವಳಿಗೆ ಬಾಳೆಹಣ್ಣು ತಂದ.

ಇಪ್ಪತ್ತನಾಲ್ಕನೆಯ ದಿನ ಜ್ವರ ಇಳಿಯಿತು. ಗಂಡ ಕರೆದರೆ ಬಸಂತ ಕೌರ ತಿರುಗಿ ನೋಡಲಿಲ್ಲ. ಮಂಚದ ಹಿಂದೆ ಡಾಕ್ಟರರು ತಟ್ಟೆ ಬಡಿದು ನೋಡಿದರು. ಕೇಳಿಸಲಿಲ್ಲ. ಜ್ವರದಿಂದ ಹೀಗಾಗಿದೆ, ಇನ್ನು ಕೇಳಿಸುವುದೂ ಇಲ್ಲ ಎಂದರು.

ಈಗ ಅವಳು ಎದ್ದು ಕೂತು ಗಂಡನ ತುಟಿ ನೋಡುತ್ತ ತಾನೂ ಓದುತ್ತಾಳೆ. ಅಷ್ಟೂ ಅವಳಿಗೆ ಬಾಯಿಪಾಠ.

“ಜೀವ ಉಳೀತ್ರಿ, ಕಿವಿ ಹೋದ್ವು” ಎನ್ನುತ್ತಾನೆ ವಸಾವಾ ಸಿಂಗ. “ಅವತ್ತೂ ಅದ ಅರದಾಸ ಹೇಳೇನಿ. ಒಂದ ಮಾತು ಬದಲ ಮಾಡಿಲ್ಲ.”