ಮೂರು ಗಂಟೆಯ ಲಾಂಚ್

ಬಸ್ ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಪಟ್ಟಿ ಮೇಷ್ಟ್ರು. ಯಾವ ಬಸ್ಸಿಗೆ ಯಾವ ಡ್ರೈವರು, ಯಾರಿಗೆ ಯಾವತ್ತು ವಾರದ ರಜೆ, ಯಾರಿಗೆ ನಿಜವಾದ ಜ್ವರ, ಯಾರಿಗೆ ಬರೀ ರಜೆಜ್ವರ, ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಡ್ಯೂಟಿ ಪಟ್ಟಿ ಬರೆಯುವುದು ಅವರ ಕೆಲಸ. ಡೀಸೆಲ್ ವಾಸನೆಯ ಆ ಸಣ್ಣ ಕೋಣೆಯಲ್ಲಿ ಒಂದು ಮೇಜು, ಕಾಲು ಅಲುಗಾಡುವ ಒಂದು ಕುರ್ಚಿ, ಗೋಡೆಯ ತುಂಬ ಚೌಕಳಿ ಹಾಕಿದ ದೊಡ್ಡ ಹಾಳೆ. ಆ ಹಾಳೆಯ ಎದುರು ಮೀಸೆ ತಿರುವುವ ಡ್ರೈವರುಗಳೂ ಮೆತ್ತಗಾಗಿ ಕೈಕಟ್ಟಿ ನಿಲ್ಲುತ್ತಿದ್ದರು.

ಆದರೆ ಪಟ್ಟಿ ಮೇಷ್ಟ್ರಿಗೆ 'ಇಲ್ಲ' ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಇದು ಇಡೀ ಡಿಪೋಗೆ ಗೊತ್ತಿದ್ದ ಗುಟ್ಟು. ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಬಂದರೆ ಸಾಕು, ಅವರು ತಮ್ಮ ರಜೆಯನ್ನೇ ಅಳಿಸಿ ಆ ಜಾಗಕ್ಕೆ ಬಂದವನ ಹೆಸರು ಬರೆದುಬಿಡುತ್ತಿದ್ದರು. ಇದರ ಪೂರ್ತಿ ಲಾಭ ಪಡೆದವನು ಮೀಸೆ ಡ್ರೈವರ್. ಆಳು ಒಳ್ಳೆಯವನೇ, ಸ್ಟೇರಿಂಗ್ ಹಿಡಿದರೆ ಬಸ್ಸು ತೊಟ್ಟಿಲಿನ ಹಾಗೆ ಸಾಗುತ್ತಿತ್ತು. ಆದರೆ ರಜೆಗಾಗಿ ಒಬ್ಬಳೇ ಅಜ್ಜಿಯನ್ನು ಮೂರು ಸಲ ಸಾಯಿಸಿದ ಕೀರ್ತಿ ಅವನದು. ಮೂರನೇ ಸಲ ಮೇಷ್ಟ್ರು, "ಈ ಸಲನಾದ್ರೂ ಪೂರ್ತಿ ಹೋದ್ರೇನಪ್ಪ?" ಎಂದು ಕೇಳಿ ರಜೆ ಕೊಟ್ಟಿದ್ದರು.

ಮೇಷ್ಟ್ರಿಗೆ ಒಬ್ಬಳೇ ಮಗಳು. ಅವಳಿಗೆ ಆರು ವರ್ಷವಾಗಿದ್ದಾಗ ಯಾವುದೋ ಕ್ಯಾಲೆಂಡರಿನಲ್ಲಿ ಒಂದು ದ್ವೀಪದ ಚಿತ್ರ ಕಂಡು, ಅಲ್ಲಿಗೆ ಹೋಗಬೇಕೆಂದು ಹಟ ಹಿಡಿದಿದ್ದಳು. ವಿಚಾರಿಸಿದಾಗ ಆ ದ್ವೀಪ ಬಲು ದೂರದ್ದೇನಲ್ಲ ಎಂದು ತಿಳಿಯಿತು. ಬಸ್ಸಿನಲ್ಲಿ ಆರೂವರೆ ಗಂಟೆ, ಆಮೇಲೆ ಲಾಂಚಿನಲ್ಲಿ ಒಂದು ಗಂಟೆ. ಬೆಳ್ಳಗಿನ ಮರಳು, ನಡುವೆ ಒಂದು ಹಸಿರು ಗುಡ್ಡ, ಗುಡ್ಡದ ಬುಡದಲ್ಲಿ ಟೆಂಟು ಹಾಕಲು ಹನ್ನೊಂದೇ ಹನ್ನೊಂದು ಜಾಗ. ವರ್ಷಕ್ಕೆ ಎರಡು ತಿಂಗಳು ಮಾತ್ರ ಜನರನ್ನು ಬಿಡುತ್ತಾರೆ. ದಿನಕ್ಕೆ ಒಂದೇ ಲಾಂಚು, ಮಧ್ಯಾಹ್ನ ಮೂರಕ್ಕೆ. ಅದು ತಪ್ಪಿದರೆ ನಿಮ್ಮ ಜಾಗ ಕಾದು ಕೂತ ಇನ್ನೊಬ್ಬರ ಪಾಲು.

ಆ ಎರಡು ತಿಂಗಳಲ್ಲೇ ಡಿಪೋದಲ್ಲೂ ರಜೆಗೆ ಕಿತ್ತಾಟ. ಏಳು ವರ್ಷ ಮೇಷ್ಟ್ರು ಜಾಗ ಕಾದಿರಿಸಿದರು, ಏಳು ವರ್ಷವೂ ತಮ್ಮ ರಜೆಯನ್ನು ಯಾರಿಗೋ ಬಿಟ್ಟುಕೊಟ್ಟು ಬರಿಗೈಯಲ್ಲಿ ಮನೆಗೆ ಬಂದರು. ಮೊದಲೆಲ್ಲ ಮಗಳು ಅತ್ತು ರಂಪ ಮಾಡುತ್ತಿದ್ದಳು. ಏಳನೆಯ ಸಲ ಅಳಲಿಲ್ಲ. "ಪರ್ವಾಗಿಲ್ಲಪ್ಪ, ನಂಗೊತ್ತಿತ್ತು," ಎಂದಳು. ಆ ಮಾತು ಮೇಷ್ಟ್ರ ಎದೆಗೆ ನಾಟಿತು. ಊರಿಗೆಲ್ಲ ಒಳ್ಳೆಯವನಾಗಿ ಮನೆಯಲ್ಲಿ ಸುಳ್ಳನಾದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

ಎಂಟನೆಯ ವರ್ಷ ಅವರು ತಲೆಯ ಮೇಲೆ ತಲೆ ಬಿದ್ದರೂ ಹೋಗುವುದೇ ಎಂದು ನಿಶ್ಚಯಿಸಿದರು. ಆ ವಾರಕ್ಕೆ ಇದ್ದದ್ದು ಒಂದೇ ರಜೆ. ಅಲ್ಲಿ ತಮ್ಮ ಹೆಸರನ್ನು ಶಾಯಿಯಲ್ಲಿ ಬರೆದರು.

ಆಮೇಲೆ ಮನೆಯಲ್ಲಿ ನಡೆದ ಸಿದ್ಧತೆಯನ್ನು ನೋಡಬೇಕಿತ್ತು. ಟೆಂಟು ಬಂತು. ಪ್ರತಿ ಭಾನುವಾರ ತಾರಸಿಯ ಮೇಲೆ ಅದನ್ನು ಕಟ್ಟುವ ಅಭ್ಯಾಸ. ಸಿಮೆಂಟಿನಲ್ಲಿ ಗೂಟ ಹೊಡೆಯಲಾದೀತೇ? ನಾಲ್ಕು ಮೂಲೆಗೆ ನೀರು ತುಂಬಿದ ಬಕೆಟ್ ಇಟ್ಟು ಹಗ್ಗ ಬಿಗಿದರು. ಮೊದಲ ಭಾನುವಾರ ಟೆಂಟು ಮೇಷ್ಟ್ರ ತಲೆಯ ಮೇಲೇ ಕುಸಿದು, ಅವರು ಒಳಗಿನಿಂದ "ಎಲ್ಲಿದೀರೇ?" ಎಂದು ಕೂಗಿಕೊಂಡರೆ ತಾಯಿ ಮಗಳು ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರು ಅಲ್ಲೂ ಪಟ್ಟಿ ಬಿಡಲಿಲ್ಲ. ಟಾರ್ಚು, ಬೆಂಕಿಪೊಟ್ಟಣ, ಸೊಳ್ಳೆಗೆ ಹಚ್ಚುವ ಎಣ್ಣೆ, ಯಾವ ಚೀಲದಲ್ಲಿ ಯಾವುದು, ಯಾರ ಕೈಗೆ ಯಾವ ಚೀಲ.

"ನಮ್ಮ ಮದ್ವೆಗೂ ಇಷ್ಟು ಪಟ್ಟಿ ಮಾಡಿರ್ಲಿಲ್ಲ ನೀವು," ಎಂದು ಹೆಂಡತಿ ಮೂಗು ಮುರಿದರು. ಆದರೆ ಟೋಪಿ ಕೊಳ್ಳಲು ಎಲ್ಲರಿಗಿಂತ ಮೊದಲು ಅಂಗಡಿಗೆ ಓಡಿದವರು ಅವರೇ.

ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಮೀಸೆ ಡ್ರೈವರ್ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಸಾರ್, ಅಮ್ಮಂಗೆ ಹುಷಾರಿಲ್ಲ. ಒಂದು ವಾರ ಊರಿಗೆ ಹೋಗ್ಬರ್ತೀನಿ."

"ಅಜ್ಜಿ ಆಯ್ತು, ಈಗ ಅಮ್ಮನಾ?"

"ಇಲ್ಲ ಸಾರ್, ಇದು ನಿಜ."

ಮೇಷ್ಟ್ರ ನಾಲಿಗೆ ಹಳೆಯ ಚಾಳಿಯಂತೆ ಒಪ್ಪಿಗೆ ಕೊಡಲು ಹೊರಟಿತ್ತು. ಮಗಳ ಮುಖ ನೆನಪಾಯಿತು. "ನಾನು ಬಂದ ಮೇಲೆ ಹೋಗು. ಈ ವಾರ ಆಗಲ್ಲ," ಎಂದರು. ಅವನು, "ಆಯ್ತು ಸಾರ್, ನೀವೂ ಎಷ್ಟು ವರ್ಷದಿಂದ ಕಾದಿದೀರಿ," ಎಂದು ಹೊರಟುಹೋದ. ಇಷ್ಟಕ್ಕೆ ಮೇಷ್ಟ್ರನ್ನು ಯಾರೂ ದೂರುವಂತಿಲ್ಲ. ಅವರೂ ಮುಂದೆಂದೂ ಇದಕ್ಕಾಗಿ ತಮ್ಮನ್ನು ದೂರಿಕೊಳ್ಳಲಿಲ್ಲ. ಕೊರಗಿದ್ದು ಆಮೇಲಿನದಕ್ಕೆ.

ಹೊರಟ ದಿನ ಎಂಟು ಗಂಟೆಯ ಬಸ್ಸಿಗೆ ಡ್ರೈವರ್ ಅವನೇ. ಟೆಂಟಿನ ಮೂಟೆಯನ್ನು ತಾನೇ ಎತ್ತಿಟ್ಟ. ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದಾರಿಯುದ್ದಕ್ಕೂ ಸೇತುವೆ ಯಾವುದು, ಕಲ್ಲುಗಣಿ ಯಾವುದು ಎಂದು ತೋರಿಸುತ್ತ ಬಂದ. ಹನ್ನೊಂದೂವರೆಗೆ ಅರ್ಧದಾರಿಯ ಊರಿನಲ್ಲಿ ಬಸ್ಸು ನಿಂತಿತು. ನಿಲ್ದಾಣದ ಹೋಟೆಲಿನಲ್ಲಿ ಎಲ್ಲರೂ ತಿಂಡಿಗೆ ಕೂತರು. ಆಗ ಮೇಷ್ಟ್ರ ಫೋನು ಬಡಿದುಕೊಂಡಿತು. ಡಿಪೋ ಮ್ಯಾನೇಜರು. ಅವರದು ಫೋನಿಲ್ಲದೆಯೂ ಮೂರು ಬೀದಿಗೆ ಕೇಳುವ ಗಂಟಲು.

"ಮೀಸೆ ಡ್ರೈವರನ ತಮ್ಮ ಫೋನ್ ಮಾಡಿದ್ದ ಕಣ್ರೀ. ಅವನ ತಾಯಿ ಆಸ್ಪತ್ರೆಯಲ್ಲಿದಾರೆ, ಸಂಜೆ ತನಕ ಇರೋದೂ ಅನುಮಾನ ಅಂತೆ. ಮಗನ್ನೇ ಕೇಳ್ತಿದಾರಂತೆ. ಅವನ ಫೋನು ಆಫ್ ಆಗಿದೆ. ನೀವು ಅದೇ ಬಸ್ಸಲ್ಲಿದೀರಲ್ಲ, ಹೇಳ್ಬಿಡಿ. ಬದಲಿ ವ್ಯವಸ್ಥೆ ನಿಮಗೆ ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಆ ಊರಿನ ವಿಶ್ರಾಂತಿ ಕೋಣೆಯಲ್ಲಿ ಒಬ್ಬ ಬದಲಿ ಡ್ರೈವರ್ ಮಲಗಿರುತ್ತಾನೆ, ಅವನ ಪಾಳಿ ಶುರುವಾಗುವುದು ಒಂದು ಗಂಟೆಗೆ. ಎಬ್ಬಿಸಿ, ಒಪ್ಪಿಸಿ, ಸಹಿ ಹಾಕಿಸಿ ಹೊರಡುವಷ್ಟರಲ್ಲಿ ಕಮ್ಮಿಯೆಂದರೂ ಒಂದು ಗಂಟೆ ತಡ. ಮೀಸೆ ಡ್ರೈವರನ ಊರಿಗೆ ಹನ್ನೆರಡಕ್ಕೆ ಅದೇ ನಿಲ್ದಾಣದಿಂದ ಬಸ್ಸು, ಎರಡಕ್ಕೆಲ್ಲ ಅವನು ತಾಯಿಯ ಹಾಸಿಗೆಯ ಪಕ್ಕದಲ್ಲಿರುತ್ತಾನೆ. ಇತ್ತ ಮೂರು ಗಂಟೆಯ ಲಾಂಚು ತಪ್ಪುತ್ತದೆ. ಈ ಲೆಕ್ಕವೆಲ್ಲ ಮೇಷ್ಟ್ರ ತಲೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ಅಷ್ಟು ಬೇಗ ಮುಗಿಯದಿದ್ದರೆ ಚೆನ್ನಾಗಿತ್ತು.

ಹೋಟೆಲಿನ ಗದ್ದಲದಲ್ಲಿ ಮಾತು ಕಿವಿಗೆ ಬೀಳದ ಮೀಸೆ ಡ್ರೈವರ್ ಆಚೆ ಮೂಲೆಯ ಮೇಜಿನಿಂದ ಕೇಳಿದ. "ಡಿಪೋ ಫೋನಾ ಸಾರ್? ರಜೆಯಲ್ಲೂ ಬಿಡಲ್ವಾ ನಿಮ್ಮನ್ನ?"

ಮೇಷ್ಟ್ರು ಮಗಳ ಕಡೆ ನೋಡಿದರು. ಹೊಸ ಟೋಪಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದಳು.

"ಹೂಂ," ಎಂದರು. "ಏನಿಲ್ಲ, ಮುಂದಿನ ವಾರದ ಪಟ್ಟಿ ವಿಷಯ."

ಬಸ್ಸು ಹೊರಟಿತು. ನಲವತ್ತು ಜನರ ಜೀವ ಹೊತ್ತವನಿಗೆ ದಾರಿಯಲ್ಲಿ ಇಂಥ ಸುದ್ದಿ ಹೇಳಬಾರದು ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮಾತೇನೋ ಸರಿ. ಆದರೆ ಸುದ್ದಿ ಬಂದಾಗ ಬಸ್ಸು ನಿಂತಿತ್ತು, ಡ್ರೈವರ್ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಹತ್ತಿರಹತ್ತಿರ ಮೂರು ಗಂಟೆ ಮೇಷ್ಟ್ರು ಅವನ ಬೆನ್ನನ್ನೇ ನೋಡುತ್ತ ಕೂತರು. ತಿರುವುಗಳಲ್ಲಿ ಅವನು ಎಂದಿನ ಹಾಗೆ ಮೆಲ್ಲಗೆ, ಯಾರ ತಲೆಯೂ ಕಿಟಕಿಗೆ ತಾಗದಂತೆ ಓಡಿಸಿದ.

ಎರಡೂವರೆಗೆ ಬಸ್ಸು ದಡ ಸೇರಿತು. ಜನರೆಲ್ಲ ಇಳಿದ ಮೇಲೆ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ಸುದ್ದಿ ಹೇಳಿದರು. ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಯಾವಾಗ ಫೋನ್ ಬಂತು ಸಾರ್?"

"ಈಗ ತಾನೆ," ಎಂದರು ಮೇಷ್ಟ್ರು.

ಮಗಳು ಅಲ್ಲೇ ಮೆಟ್ಟಿಲ ಮೇಲೆ, ಎರಡು ಚೀಲ ಹಿಡಿದು ನಿಂತಿದ್ದಳು. ಮೀಸೆ ಡ್ರೈವರ್ ವಾಪಸು ಹೊರಟಿದ್ದ ಇನ್ನೊಂದು ಬಸ್ಸಿಗೆ ಓಡಿ ಹತ್ತಿಕೊಂಡ. ಅವನು ತನ್ನೂರು ತಲುಪಿದ್ದು ರಾತ್ರಿ ಎಂಟಕ್ಕೆ. ತಾಯಿ ನಾಲ್ಕಕ್ಕೇ ಹೋಗಿಬಿಟ್ಟಿದ್ದರು.

ದ್ವೀಪ ಚಿತ್ರದಲ್ಲಿದ್ದುದಕ್ಕಿಂತ ಚೆನ್ನಾಗಿತ್ತು. ಅದೇ ಇನ್ನೂ ಸಂಕಟ. ಮರಳು ಹಿಟ್ಟಿನಷ್ಟು ನುಣುಪು, ನೀರು ತಳ ಕಾಣುವಷ್ಟು ತಿಳಿ. ಟೆಂಟು ಒಂದೇ ಪ್ರಯತ್ನಕ್ಕೆ ನಿಂತಿತು. ಹೆಂಡತಿ ಹುಡುಗಿಯಂತೆ ಅಲೆಗಳಲ್ಲಿ ಓಡಾಡಿದರು. ಮರುದಿನ ಬೆಳಿಗ್ಗೆ ಒಲೆಗೆ ಪುರಳೆ ಆರಿಸುತ್ತಿದ್ದಾಗ ಮಗಳು ತಲೆಯೆತ್ತದೆ ಕೇಳಿದಳು.

"ಅಪ್ಪ, ಆ ಫೋನು ಹೋಟೆಲಲ್ಲೇ ಬಂದಿತ್ತಲ್ವಾ?"

ಮೇಷ್ಟ್ರು ಒಲೆಯ ಕಲ್ಲುಗಳನ್ನು ಸರಿಮಾಡತೊಡಗಿದರು.

"ಲಾಂಚ್ ತಪ್ಪಿದ್ರೆ ನಾನೇನೂ ಅಳ್ತಿರ್ಲಿಲ್ಲಪ್ಪ," ಎಂದು ಹೇಳಿ, ಪುರಳೆಯನ್ನು ಅಲ್ಲೇ ಇಟ್ಟು ಅಮ್ಮನ ಹತ್ತಿರ ಹೋದಳು. ಉಳಿದ ಮೂರು ದಿನ ತಂದೆಯೊಡನೆ ನಗುನಗುತ್ತಲೇ ಇದ್ದಳು. ಆ ನಗುವಿನಲ್ಲಿ ಏನೋ ದೊಡ್ಡವರ ಮರ್ಯಾದೆ ಸೇರಿಕೊಂಡಿತ್ತು. ಅದು ಮುಂದೆಯೂ ಹೋಗಲಿಲ್ಲ.

ಮೀಸೆ ಡ್ರೈವರ್ ತಾಯಿಯ ತಿಥಿ ಮುಗಿಸಿ ಡಿಪೋಗೆ ಬರುವ ದಿನ ಎಲ್ಲ ಹೇಳಿಬಿಡಬೇಕೆಂದು ಮೇಷ್ಟ್ರು ಗಟ್ಟಿ ಮನಸ್ಸು ಮಾಡಿದ್ದರು. ತಲೆ ಬೋಳಿಸಿಕೊಂಡಿದ್ದ ಅವನು ತಾನೇ ಎದುರಿಗೆ ಬಂದು ಅವರ ಎರಡೂ ಕೈ ಹಿಡಿದುಕೊಂಡ. "ನೀವು ಆ ಬಸ್ಸಲ್ಲಿದ್ದಿದ್ದು ನನ್ನ ಪುಣ್ಯ ಸಾರ್. ತಮ್ಮ ಮೊದಲೇ ಡಿಪೋಗೆ ಹೇಳಿದ್ನಂತೆ, ದಾರೀಲಿ ನಿಮ್ಮ ಫೋನ್ ಸಿಗದೆ ತಡ ಆಗಿರ್ಬೇಕು. ಬೇರೆ ಯಾರಾದ್ರೂ ಆಗಿದ್ರೆ ತಮ್ಮ ಪಾಡಿಗೆ ಲಾಂಚ್ ಹತ್ತಿ ಹೋಗ್ತಿದ್ರು." ಮೇಷ್ಟ್ರು ಕೈ ಬಿಡಿಸಿಕೊಂಡು ಪಟ್ಟಿಯ ಹಾಳೆಯತ್ತ ತಿರುಗಿದರು. ಆ ದಿನ ತಪ್ಪಿದ ಮಾತು ಆಮೇಲೆ ದಿನಕ್ಕೊಂದಿಷ್ಟು ಭಾರವಾಗುತ್ತಾ ಹೋಯಿತು. ಮೀಸೆ ಡ್ರೈವರ್ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಈ ಕತೆ ಹೇಳುತ್ತಿದ್ದ. ಕೇಳಿದವರು ಮೇಷ್ಟ್ರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

ಒಂಬತ್ತು ವರ್ಷದ ನಂತರ ಮೇಷ್ಟ್ರು ನಿವೃತ್ತರಾದರು. ಡಿಪೋ ಶೆಡ್ಡಿನಲ್ಲಿ ಕುರ್ಚಿ ಹಾಕಿ ಬೀಳ್ಕೊಡುಗೆ. ಮುಂದಿನ ಸಾಲಿನಲ್ಲಿ ಹೆಂಡತಿ, ಕೆಲಸಕ್ಕೆ ಸೇರಿದ್ದ ಮಗಳು. ಮೀಸೆ ಡ್ರೈವರ್ ಮೈಕು ಹಿಡಿದು ಮತ್ತೆ ಅದನ್ನೇ ಹೇಳಿದ. "ನಮ್ಮಮ್ಮನ ಮುಖ ನೋಡೋಕಾಗ್ಲಿಲ್ಲ ಅನ್ನೋ ನೋವು ಇದೆ. ಆದ್ರೆ ಸುದ್ದಿ ಬಂದ ಮರುಕ್ಷಣ ಸಾರ್ ಹೇಳಿದ್ರು, ನಾನೂ ಓಡಿದೆ, ನಮ್ಮಿಬ್ಬರ ಕಡೆಯಿಂದ ತಪ್ಪಾಗ್ಲಿಲ್ಲ. ಅದೊಂದೇ ನಂಗೆ ಸಮಾಧಾನ."

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಉತ್ತರಿಸಲು ಎದ್ದರು. ಇವತ್ತಾದರೂ ಹೇಳಬೇಕು ಎನಿಸಿತು. ಆದರೆ ಹೇಳಿದರೆ ಹಗುರವಾಗುವುದು ತಾವೊಬ್ಬರೇ. ಅವನ ಕೈಯಲ್ಲಿದ್ದ ಆ ಒಂದು ಸಮಾಧಾನವನ್ನೂ ಕಿತ್ತುಕೊಂಡಂತಾಗುತ್ತದೆ. ಹೇಳಲು ಒಂದು ಹೊತ್ತಿತ್ತು, ಹನ್ನೊಂದೂವರೆಯಿಂದ ಹನ್ನೆರಡರ ತನಕ. ಅದು ಮುಗಿದುಹೋಗಿತ್ತು.

"ಎಲ್ಲರಿಗೂ ವಂದನೆ," ಎಂದಷ್ಟೇ ಹೇಳಿ ಕೂತರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಮಗಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು.