ವಿಭೂತಿ ಹಚ್ಚಿದ ಡಂಬೆಲ್

ನಮ್ಮ ಮನೆಯ ಹಾಲ್‌ನಲ್ಲಿ, ಅಕ್ಕಿ ಡ್ರಮ್ಮಿನ ಪಕ್ಕ, ನೀಲಿ ಬಣ್ಣದ ಎರಡು ಡಂಬೆಲ್ ಇವೆ. ಮನೆಗೆ ಬಂದವರು ಮೊದಲು ಅವನ್ನು ನೋಡುತ್ತಾರೆ, ಆಮೇಲೆ ನನ್ನ ಗಂಡನ ಹೊಟ್ಟೆ ನೋಡುತ್ತಾರೆ. ಲೆಕ್ಕ ಹೊಂದುವುದಿಲ್ಲ. ಕೊನೆಗೆ ಕೇಳಿಯೇ ಬಿಡುತ್ತಾರೆ, ಯಾರದ್ದು ಇದು ಎಂದು. "ನಂದು" ಎಂದರೆ ನಗುತ್ತಾರೆ. ಐವತ್ತು ದಾಟಿದ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸು ನಾನು. ನಗಲಿ ಬಿಡಿ. ಇನ್ನೂ ಹತ್ತಿರ ಬಂದು ನೋಡಿದವರಿಗೆ ಆ ಕಬ್ಬಿಣದ ಮೇಲೆ ಮೂರೆಳೆ ವಿಭೂತಿ ಕಾಣುತ್ತದೆ. ಅಷ್ಟಕ್ಕೆ ಅವರ ನಗು ನಿಂತು ನನ್ನ ಕತೆ ಶುರುವಾಗುತ್ತದೆ.

ನಮ್ಮದು ಗುಂಡ್ಲುಪೇಟೆ. ಹೊಲ ಇರುವುದು ಹಂಗಳದಲ್ಲಿ. ಆ ವರ್ಷ ಚೆಂಡುಹೂ ಹಾಕಿದ್ದೆವು. ಒಂದು ಸಂಜೆ ಹೂ ಕೊಯ್ಯುವವರಿಗೆ ಮಾರನೇ ದಿನದ ಕೆಲಸ ಹೇಳಿ, ಗಂಡನ ಬೈಕಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತು, ಮಡಿಲಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಬರುತ್ತಿದ್ದೆ. ಸೋನೆ ಹಿಡಿದಿತ್ತು. ಬಣ್ಣ ಬಳಿಯದ ಹಂಪು ನನ್ನ ಗಂಡನಿಗೆ ಕಾಣಲಿಲ್ಲ. ಬೈಕು ಹಾರಿತು, ಜಾರಿತು, ನಾನು ರಸ್ತೆಗೆ ಬಿದ್ದೆ.

ಬೇರೆ ಯಾರಾದರೂ ಆಗಿದ್ದರೆ ಎರಡೂ ಕೈ ಊರುತ್ತಿದ್ದರು. ನಾನು ಮಾಡಿದ್ದೇ ಬೇರೆ. ನನ್ನ ಬಲಗೈ ತಾನಾಗಿ ಕುತ್ತಿಗೆಗೆ ಹೋಗಿ ಕರಡಿಗೆಯನ್ನು ಮುಚ್ಚಿ ಹಿಡಿಯಿತು. ಕರಡಿಗೆಯೆಂದರೆ ನಾವು ಲಿಂಗವಂತರು ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ಆ ಲಿಂಗ ಎಳೆಗೂಸಾಗಿದ್ದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೇ ಬರುವಂಥದ್ದು. ಅದು ನೆಲಕ್ಕೆ ತಾಗಬಾರದು ಎಂಬುದು ನಮಗೆ ಎದೆಹಾಲಿನ ಜೊತೆ ಬಂದ ಭಯ. ಯೋಚನೆ ಮಾಡಿ ಹಿಡಿದದ್ದಲ್ಲ, ಕೈಯೇ ಹಿಡಿದುಬಿಟ್ಟಿತು. ಹಾಗಾಗಿ ನನ್ನ ಮೈಯ ಭಾರವೆಲ್ಲ ಎಡಗೈ ಒಂದರ ಮೇಲೆ ಬಿತ್ತು. ಕರಡಿಗೆಗೆ ಗೀರೂ ಆಗಲಿಲ್ಲ. ಎಡಗೈ ಭುಜದ ಕೆಳಗೆ ಮುರಿಯಿತು, ಮಣಿಕಟ್ಟು ಉಳುಕಿತು. ಗಂಡನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಇಲ್ಲ. ಅದಕ್ಕೂ ಅವರ ಮೇಲೆ ಸಿಟ್ಟು ಬಂತು ನನಗೆ.

ಇದರಲ್ಲೊಂದು ವಿಪರ್ಯಾಸವಿತ್ತು. ನಮ್ಮ ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ನೀರು, ವಿಭೂತಿ, ಪತ್ರೆ ಏರಿಸಿ, ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ನೋಡುತ್ತಾ ಕೂರಬೇಕು. ಯಾವ ಲಿಂಗವನ್ನು ಉಳಿಸಿಕೊಂಡೆನೋ ಅದು ಕೂರುವ ಜಾಗವನ್ನೇ ಮುರಿದುಕೊಂಡಿದ್ದೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕುವಾಗ ನಾನು ಕೇಳಿದ ಮೊದಲ ಮಾತು ಅದೇ: ಅಂಗೈ ಮೇಲಕ್ಕೆ ತಿರುಗುತ್ತದಾ, ಎತ್ತೋಕೆ ಆಗುತ್ತದಾ? ಡಾಕ್ಟರು "ನೋಡೋಣಮ್ಮ" ಎಂದರು. ಡಾಕ್ಟರ ಬಾಯಲ್ಲಿ "ನೋಡೋಣ" ಬಂದರೆ ಏನರ್ಥ ಎಂಬುದು ನನಗೆ ಗೊತ್ತಿಲ್ಲವೇ?

ಕಟ್ಟು ಇದ್ದಷ್ಟು ದಿನ ಲಿಂಗವನ್ನು ಬೆಳ್ಳಿ ಬಟ್ಟಲಲ್ಲಿ ಇಟ್ಟು ಪೂಜೆ ಮಾಡಿದೆ. ಮನೆಗೆ ಬಂದ ನೆಂಟರನ್ನು ಬಾಗಿಲಲ್ಲೇ ಕೂರಿಸಿ ಮಾತಾಡಿಸಿ ಕಳಿಸಿದ ಹಾಗೆ ಆಗುತ್ತಿತ್ತು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಕೈ ನನ್ನದೇ ಅಲ್ಲ ಅನ್ನಿಸಿತು. ಬಡಕಲಾಗಿತ್ತು, ಬಿಳಿಚಿಕೊಂಡಿತ್ತು. ಅಂಗೈ ಅರ್ಧಕ್ಕೆ ತಿರುಗಿ ನಿಲ್ಲುತ್ತಿತ್ತು, ತೋಳು ಹೊಟ್ಟೆಯ ಮಟ್ಟ ಬಿಟ್ಟು ಮೇಲೆ ಬರುತ್ತಿರಲಿಲ್ಲ. ಬಲವಂತ ಮಾಡಿದರೆ ಗಡಗಡ ನಡುಗುತ್ತಿತ್ತು. "ಬಟ್ಟಲಲ್ಲೇ ಮಾಡು, ದೇವರೇನು ಬೇಡ ಅಂತಾನಾ?" ಎಂದರು ನನ್ನ ಗಂಡ. ದೇವರು ಬೇಡ ಅನ್ನುವುದಿಲ್ಲ, ನಾನು ಅನ್ನುತ್ತೇನೆ ಎಂದೆ. ಇನ್ನು ಸಾಯುವ ತನಕ ಬಟ್ಟಲೇ ಗತಿಯೇನೋ ಎಂದು ಆ ದಿನ ಬಚ್ಚಲಲ್ಲಿ ನಿಂತು ಅತ್ತಿದ್ದೂ ಉಂಟು.

ಮಾರನೇ ಬೆಳಿಗ್ಗೆ ಪೂಜೆಗೆ ಕೂತಾಗ ಅತ್ತೆ ತಮ್ಮ ಮಣೆಯನ್ನು ಎಳೆದು ನನ್ನ ಎಡಕ್ಕೆ ಹಾಕಿಕೊಂಡರು. ಅವರ ಎಡಗೈಯಲ್ಲಿ ಅವರ ಲಿಂಗ. ಇಬ್ಬರೂ ಪತ್ರೆ ಏರಿಸಿದ ಮೇಲೆ ಅವರ ಬಲಗೈ ಬಂದು ನನ್ನ ಎಡ ಮೊಣಕೈ ಕೆಳಗೆ ಕೂತಿತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಆದರೆ ಮೊಣಕೈ ಮುಟ್ಟಬಾರದು ಅಂತ ಯಾರೂ ಹೇಳಿಲ್ಲವಲ್ಲ. ಎದೆಯ ಮಟ್ಟದವರೆಗಾದರೂ ಕೈ ಬಂತು. ಅವತ್ತಿನಿಂದ ಅದೇ ರೂಢಿಯಾಯಿತು. ಪೂಜೆ ಮೊದಲಿಗಿಂತ ಬೇಗ ಮುಗಿದು ಕಾಫಿಯೂ ಬೇಗ ಸಿಗತೊಡಗಿತು. ಮೊದಲಾದರೆ ಅತ್ತೆಯ ರುದ್ರಾಕ್ಷಿ ಜಪ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಕಾಫಿಯಿಲ್ಲ. ನನ್ನ ಗಂಡ ಖುಷಿಯಾಗಿ ಲೋಟ ಹಿಡಿದರು. ಯಾಕೆ ಬೇಗ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಫಿಸಿಯೋಥೆರಪಿಗೆಂದು ಚಾಮರಾಜನಗರಕ್ಕೆ ಹೋದೆವು. ನನ್ನ ಮಗಳ ವಯಸ್ಸಿನ ಹುಡುಗಿ, ಕೈಯನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಬಾಯಲ್ಲಿ ಶಿವನ ಹೆಸರೆಲ್ಲ ಬರಿಸಿದಳು. ದಿನಾ ತೆರಕಣಾಂಬಿ ಮೇಲೆ ಬಸ್ಸಲ್ಲಿ ಬಂದುಹೋಗುವುದು ಆಗದ ಮಾತು ಎಂದೆ. "ಹಾಗಾದ್ರೆ ಮನೇಲೇ ಮಾಡಿ ಆಂಟಿ. ಒಂದು ಜೊತೆ ಸಣ್ಣ ಡಂಬೆಲ್ ಸಾಕು, ಬೇರೆ ಏನೂ ಬೇಡ" ಎಂದು ನಾಲ್ಕು ಬಗೆ ತೋರಿಸಿಕೊಟ್ಟಳು. ಮಡಚಿ ಎತ್ತುವುದು, ಪಕ್ಕಕ್ಕೆ ಎತ್ತುವುದು, ಮುಂದಕ್ಕೆ ಎತ್ತುವುದು, ಆಮೇಲೆ ಹಿಡಿದ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು. ಕೊನೆಯದೇ ನನಗೆ ಬೇಕಾದದ್ದು ಎಂದು ಮನಸ್ಸಿಗೆ ಗೊತ್ತಾಯಿತು.

ಡಂಬೆಲ್ ಕೊಟ್ಟವರು ಪಕ್ಕದ ಮನೆಯವರು. ಮನೆಗೆ ಅಂಟಿಕೊಂಡೇ ಅವರ ವೆಲ್ಡಿಂಗ್ ಶಾಪು. ನಮ್ಮ ರಸ್ತೆಯ ಗೇಟು, ಕಿಟಕಿ ಗ್ರಿಲ್ಲು ಎಲ್ಲ ಆ ಮನೆಯ ಭಾಯಿಯ ಕೈಯಿಂದಲೇ ಆದದ್ದು. ಅವರ ಹೆಂಡತಿ ನನಗಿಂತ ಎರಡು ವರ್ಷ ಚಿಕ್ಕವಳು, ಕಾಂಪೌಂಡಿನ ಗೋಡೆಯ ಮೇಲೆ ಮೊಣಕೈ ಊರಿ ನನ್ನ ಜೊತೆ ಊರಿನ ಸುದ್ದಿಯನ್ನೆಲ್ಲ ಜಾಲಾಡುವವಳು. "ಅಂಗಡಿಯಿಂದ ಯಾಕಕ್ಕಾ ತರ್ತೀರಾ? ನಮ್ಮನೇಲಿ ಕಬ್ಬಿಣಕ್ಕೆ ಬರವಾ?" ಎಂದಳು. ಎರಡು ದಿನ ಬಿಟ್ಟು ಕೊಟ್ಟೇಬಿಟ್ಟಳು. ಪೈಪಿನ ತುಂಡಿನ ಎರಡು ತುದಿಗೂ ದಪ್ಪ ಬಿಲ್ಲೆ ಬೆಸೆದು, ಉಜ್ಜಿ ನುಣುಪು ಮಾಡಿ, ಯಾರದೋ ಗೇಟಿಗೆ ಹೊಡೆದು ಉಳಿದ ನೀಲಿ ಬಣ್ಣ ಬಳಿದಿದ್ದರು ಭಾಯಿ. ಎರಡೂ ಸರಿಸಮ ತೂಗುತ್ತಿದ್ದವು. ಬದಲಿಗೆ ಏನು ಕೊಡಲಿ ಎಂದರೆ "ಕೈ ವಾಸಿ ಮಾಡ್ಕೊಂಡು ಒಬ್ಬಟ್ಟು ತಟ್ಟಿಕೊಡಿ" ಎಂದಳು.

ಅತ್ತೆ ಆ ಡಂಬೆಲ್ಲನ್ನು ಸುತ್ತಿ ಬಂದು ನೋಡಿದರು. ನಾನು ಎಡಗೈ ಚಾಚುವ ಹೊತ್ತಿಗೆ ಅಡ್ಡ ಬಂದರು.

"ಆ ಕೈಲಿ ಬ್ಯಾಡ ಕಣಮ್ಮಿ. ಸ್ವಾಮಿ ಕುಂತ್ಕಳ ಕೈ ಅದು. ಯಾರ್ದೋ ಗೇಟಿನ ಕಬ್ಬಿಣವ ಇಡ್ಕಂಡದಾ?"

"ಮತ್ತೆ ಇನ್ಯಾವ ಕೈಲಿ ಹಿಡೀಲಿ ಅತ್ತೆ?"

"ಇನ್ನೊಂದು ಕೈ ಇಲ್ವಾ?"

ಈಗ ನೆನೆದರೆ ನಗು ಬರುತ್ತದೆ. ಆಗ ಅದು ನ್ಯಾಯವಾಗಿಯೇ ಕಂಡಿತ್ತು. ಅದೇ ಕೈಯಲ್ಲಿ ನಾನು ಕಸ ಎತ್ತಿದ್ದೇನೆ, ಎಮ್ಮೆ ಸಗಣಿ ಬಾಚಿದ್ದೇನೆ, ಆದರೂ ಕಬ್ಬಿಣದ ಮಾತು ಬಂದಾಗ ಮನಸ್ಸು ಅಳುಕಿತು. ಹೀಗಾಗಿ ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ಡಂಬೆಲ್ ಬಲಗೈಯಲ್ಲಿ ಎತ್ತುವುದು, ಎಡಗೈಯನ್ನು ಬರಿದೇ ಅದರ ಜೊತೆ ಆಡಿಸುವುದು. ದಿನಾ ಸಂಜೆ ಶ್ರದ್ಧೆಯಿಂದ ಗಟ್ಟಿಮುಟ್ಟಾದ ಕೈಗೆ ಕಸರತ್ತು ಮಾಡಿಸಿದೆ. ಮುರಿದ ಕೈ ಪಕ್ಕದಲ್ಲಿ ನೋಡುತ್ತಾ ಇತ್ತು.

ಮುಂದಿನ ಸಲ ಚಾಮರಾಜನಗರಕ್ಕೆ ಹೋದಾಗ ಅತ್ತೆಯೂ ಬಂದಿದ್ದರು. ಆ ಹುಡುಗಿ ನನ್ನ ಎರಡೂ ತೋಳು ಹಿಚುಕಿ ನೋಡಿದಳು. "ಆಂಟಿ, ಬಲಗೈ ಪೈಲ್ವಾನರ ಥರ ಆಗಿದೆ. ಎಡಗೈ ಹಾಗೇ ಇದೆಯಲ್ಲ, ಯಾಕೆ?" ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಕಿಟಕಿ ನೋಡಿದರು. ವಿಷಯ ತಿಳಿದ ಮೇಲೆ ಹುಡುಗಿ ನಗಲಿಲ್ಲ, ಅದು ಅವಳ ದೊಡ್ಡತನ. ಅತ್ತೆಯ ಪಕ್ಕ ಸ್ಟೂಲು ಎಳೆದು ಕೂತು, "ಅಜ್ಜಿ, ಇನ್ನೂ ತಡ ಮಾಡಿದ್ರೆ ಭುಜ ಹೀಗೇ ಬಿಗಿದುಬಿಡುತ್ತೆ. ಆಮೇಲೆ ಏನ್ ಮಾಡಿದ್ರೂ ಕೈ ಮೇಲೆ ಬರಲ್ಲ" ಎಂದಳು.

ಬಸ್ಸಲ್ಲಿ ನಾನು ಒಳಗೇ ಕುದಿಯುತ್ತಿದ್ದೆ. ಮಾರನೇ ಬೆಳಿಗ್ಗೆ ಎದ್ದು ಹಾಲ್‌ಗೆ ಬಂದರೆ ಡಂಬೆಲ್ ಎರಡಕ್ಕೂ ನೀರು ಹಾಕಿ ತೊಳೆದು, ಬಿಲ್ಲೆಗಳ ಮೇಲೆ ಮೂರೆಳೆ ವಿಭೂತಿ ಎಳೆದು, ಒಂದೊಂದು ಚೆಂಡುಹೂ ಇಟ್ಟಿತ್ತು. "ಈಗ ಇಡ್ಕೊ" ಎಂದರು ಅತ್ತೆ ಒಲೆಯ ಮುಂದಿನಿಂದಲೇ. ತಿರುಗಿ ನೋಡಲಿಲ್ಲ. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ನಾನು ಡಂಬೆಲ್ಲನ್ನು ಅಂಗಳಕ್ಕೆ ತಂದಾಗ ಗೋಡೆಯಾಚೆಯಿಂದ ನೋಡಿದ ಪಕ್ಕದ ಮನೆಯವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಮ್ಮ ಗೇಟಿನ ಕಬ್ಬಿಣಕ್ಕೆ ದೀಕ್ಷೆ ಕೊಟ್ಬಿಟ್ರಲ್ಲಾ ಅಜ್ಜಿ! ಇನ್ನು ನಮ್ಮನೆಗೆ ವಾಪಸ್ ಬರಲ್ಲ ಬಿಡಿ ಅದು." ಅತ್ತೆ ಬಿಟ್ಟಾರೆಯೇ? "ನಿನ್ ಗಂಡನ್ಗೂ ಕೊಡವಾ, ಕರ್ಕಂಡ್ ಬಾ" ಎಂದರು. ಭಾಯಿ ಅಂಗಡಿಯ ಒಳಗೇ ಕೂತು ನಗುವುದು ನಮಗೆ ಕೇಳಿಸಿತು.

ಅಲ್ಲಿಂದ ಅತ್ತೆಯೇ ನನ್ನ ಮಾಸ್ತರಾದರು. ಸಂಜೆ ಬೀಗ ಹಾಕಿದ ಹಾಗೆ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರುವರು, ನಾನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಎಣಿಸುವ ಕೆಲಸ ಅವರದು. ಒಂದು, ಎರಡು ಎಂದು ಎಣಿಸುವವರಲ್ಲ ಅವರು. ಒಂದು ಸಲ ಎತ್ತಿ ಇಳಿಸುವುದಕ್ಕೆ ಒಂದು "ಓಂ ನಮಃ ಶಿವಾಯ". ಅದನ್ನಾದರೂ ಬೇಗ ಹೇಳುವರೇ? "ಓಂ" ಎನ್ನುವಾಗ ಕೈ ಹೊರಡಬೇಕು, "ನಮಃ"ದಲ್ಲಿ ಮೇಲೆ ನಿಲ್ಲಬೇಕು, "ಶಿವಾಯ" ರಾಗವಾಗಿ ಮುಗಿಯುವ ತನಕ ನಿಧಾನಕ್ಕೆ ಇಳಿಯಬೇಕು. ಭುಜದಲ್ಲಿ ಬೆಂಕಿ ಬೀಳುತ್ತಿತ್ತು.

"ಬ್ಯಾಗ ಯೋಳ್ಬುಡಿ ಅತ್ತೆ, ಕೈ ಬಿದ್ದೋಯ್ತದೆ!"

"ಸ್ವಾಮಿ ಹೆಸ್ರ ಅರ್ಧಕ್ಕೆ ಬುಡಕಾದ್ದಾ? ಸುಮ್ನೆ ಎತ್ತು."

ಈ ಮುದುಕಿಗೆ ನನ್ನ ಮೇಲೆ ಯಾವ ಜನ್ಮದ ಹಗೆಯೋ ಎಂದು ಬೈದುಕೊಂಡಿದ್ದೇನೆ. ಆಸ್ಪತ್ರೆಯ ಹುಡುಗಿಗೆ ದೂರು ಹೇಳಿದರೆ ಅವಳು ಅತ್ತೆಯ ಕಡೆಗೇ ನಿಂತಳು. ನಿಧಾನಕ್ಕೆ ಇಳಿಸಿದರೇ ಬಲ ಬರುವುದಂತೆ. ಅತ್ತೆಗೆ ಇನ್ನು ಕೇಳಬೇಕೇ?

ಆಯುಧಪೂಜೆಯ ದಿನ ಕುಡುಗೋಲು, ಬೈಕಿನ ಜೊತೆ ಡಂಬೆಲ್ಲಿಗೂ ಕುಂಕುಮ ಬಿತ್ತು. ಪೂಜೆಗಿಟ್ಟ ಆಯುಧವನ್ನು ಅವತ್ತು ಎತ್ತಬಾರದು ಎಂದು ನಾನೇ ಮೊದಲು ನೆನಪು ಮಾಡಿದೆ. ಶಾಲೆಗೆ ರಜೆ ಸಿಕ್ಕಿದ ಹಾಗಾಯಿತು. ಚಳಿ ಶುರುವಾಗುವ ಹೊತ್ತಿಗೆ ಮೊದಲ ಜೊತೆ ಹಗುರವಾಗಿ, ಭಾಯಿ ಇನ್ನೂ ದಪ್ಪ ಬಿಲ್ಲೆಯ ಇನ್ನೊಂದು ಜೊತೆ ಬೆಸೆದುಕೊಟ್ಟರು. ಈಗ ಅಕ್ಕಿ ಡ್ರಮ್ಮಿನ ಪಕ್ಕ ವಿಭೂತಿ ಹಚ್ಚಿಸಿಕೊಂಡು ಇರುವುದು ಆ ಎರಡನೆಯ ಜೊತೆ. ನನ್ನ ಕೈಗೆ ಮಾಂಸ ಬಂತು. ತಲೆ ಬಾಚಿ ಜಡೆ ನಾನೇ ಹಾಕಿಕೊಂಡೆ, ಅಟ್ಟದ ಮೇಲಿನ ಡಬ್ಬ ಇಳಿಸಿದೆ, ಒಬ್ಬಟ್ಟನ್ನೂ ತಟ್ಟಿ ಗೋಡೆಯಾಚೆ ದಾಟಿಸಿದೆ. ಆದರೂ ಬೆಳಿಗ್ಗೆ ಪೂಜೆಯಲ್ಲಿ ಅತ್ತೆಯ ಕೈ ಇಲ್ಲದೆ ಎತ್ತುವ ಧೈರ್ಯ ಮಾತ್ರ ಬರಲಿಲ್ಲ. ಕಬ್ಬಿಣ ಬಿದ್ದರೆ ನೆಲ ಒಡೆದೀತು, ಅಷ್ಟೇ. ಇದು ಬಿದ್ದರೆ?

ಒಂದು ಸೋಮವಾರ. ಪತ್ರೆ ಏರಿಸಿದೆ. ಅಂಗೈ ತಟ್ಟೆಯ ಹಾಗೆ ಸಮವಾಗಿ ನಿಂತಿತ್ತು. ಮನಸ್ಸಿನಲ್ಲೇ "ಓಂ" ಅಂದುಕೊಂಡೆ, ಸಂಜೆಯ ಅಭ್ಯಾಸದಂತೆ ಕೈ ತಾನೇ ಹೊರಟಿತು. ಎದೆ ದಾಟಿತು, ಗದ್ದ ದಾಟಿತು, ಕಣ್ಣಿನ ನೇರಕ್ಕೆ ಬಂತು. ಅತ್ತೆಯ ಕೈ ಮೊಣಕೈ ಕೆಳಗೇ ಇತ್ತು, ಆದರೆ ಅದರ ಮೇಲೆ ನನ್ನ ಭಾರ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಾಯಿತು.

"ಅತ್ತೆ, ಕೈ ತಗೀರಿ" ಎಂದೆ.

ಅವರು ತೆಗೆಯಲಿಲ್ಲ.

"ಬೀಳಲ್ಲ. ತಗೀರಿ."

ಮೆಲ್ಲಗೆ ತೆಗೆದರು. ಕೈ ನಿಂತಿತ್ತು. ಪತ್ರೆಯ ಎಲೆ ಕೂಡ ಅಲುಗಲಿಲ್ಲ. ಎಷ್ಟು ಹೊತ್ತು ನೋಡಿದೆನೋ, ಕಣ್ಣು ತುಂಬಿ ಲಿಂಗವೇ ಮಸುಕಾಯಿತು. ಲಿಂಗವನ್ನು ಕರಡಿಗೆಗೆ ಸೇರಿಸಿ ಪಕ್ಕಕ್ಕೆ ತಿರುಗಿದರೆ, ಅತ್ತೆ ಗೋಡೆಯ ಮೊಳೆಯಿಂದ ತಮ್ಮ ರುದ್ರಾಕ್ಷಿ ಸರ ತೆಗೆಯುತ್ತಿದ್ದರು. ಮೊಳೆಗೂ ಸರಕ್ಕೂ ಜೇಡರ ಬಲೆ ಕಟ್ಟಿತ್ತು. ಅದನ್ನು ಬೆರಳಲ್ಲಿ ಬಿಡಿಸಿ, ಸರವನ್ನು ಉಫ್ ಎಂದು ಊದಿದರು. ದೂಳು ಎದ್ದಿತು.

ಆಗ ತಿಳಿಯಿತು ನನಗೆ. ಅತ್ತೆ ಜಪ ಮಾಡುವುದು ಎಡಗೈಯಲ್ಲಿ ಲಿಂಗ ಹಿಡಿದೇ, ಮಣಿ ಎಣಿಸಲು ಬಲಗೈ ಬೇಕು. ಆ ಬಲಗೈ ಇಷ್ಟು ತಿಂಗಳೂ ನನ್ನ ಮೊಣಕೈ ಕೆಳಗಿತ್ತು. ನಮ್ಮ ಕಾಫಿ ಬೇಗ ಆಗುತ್ತಿದ್ದದ್ದು ಅದಕ್ಕೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ಒಂದು ದಿನವೂ ಬಿಟ್ಟದ್ದನ್ನು ನಾನು ಕಾಣದ ಜಪ.

"ಇಷ್ಟ್ ದಿನ ಜಪಾನೇ ಮಾಡ್ನಿಲ್ವಾ ಅತ್ತೆ? ನನ್ನಿಂದಾಗಿ?"

ಅವರು ಸರದ ಮೊದಲ ಮಣಿ ಹುಡುಕುತ್ತಾ, ಇದೇನು ಕೇಳುವ ಮಾತೇ ಎಂಬಂತೆ ನನ್ನನ್ನು ನೋಡಿದರು.

"ಯಾಕ್ ಮಾಡ್ನಿಲ್ಲ? ದಿನಾ ಬೈಗ್ನಲ್ಲಿ ಬಾಗ್ಲ ತಾವ್ ಕುಂತು ನಾನು ಏನ್ ಮಾಡ್ತಿದ್ದಿ ಮತ್ತೆ? ಮಣಿ ಬದ್ಲು ನಿನ್ ಕೈಲಿ ಎಣಿಸ್ಕಂಡಿ."