ಅತ್ತೆಯ ಮಡಿಸೀರೆಯಲ್ಲಿ ಕೋಳಿ

ಹಿತ್ತಲಲ್ಲಿ ಕೋಳಿಗಳ ಕಿರುಚಾಟ ಕೇಳಿ ಹಲ್ಲುಜ್ಜುವುದನ್ನು ಬಿಟ್ಟು ಓಡಿದೆ. ಅಷ್ಟರಲ್ಲಿ ಪೂಜೆಗೆ ತುಳಸಿ ಕೊಯ್ಯುತ್ತಿದ್ದ ನನ್ನ ಅತ್ತೆ, ಹೂಬುಟ್ಟಿಯಿಂದಲೇ ಹದ್ದಿಗೆ ಬಾರಿಸಿ ಒಂದು ಕೋಳಿಯನ್ನು ಬಿಡಿಸಿಕೊಂಡಿದ್ದರು. ಪುಣೆ ಬಳಿಯ ನಮ್ಮ ತಳೇಗಾಂವದ ಡಿಸೆಂಬರ್ ಚಳಿಯಲ್ಲಿ, ಒದ್ದೆ ತಲೆಯಲ್ಲೇ, ಅದನ್ನು ಮಡಿಸೀರೆಯ ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ನಿಂತಿದ್ದರು.

ವರ್ಗವಾಗಿ ಹೋದ ಪಕ್ಕದ ಮನೆಯವರು ನನ್ನ ಗಂಡನ ತಲೆಗೆ ಕಟ್ಟಿಹೋದ ಕೋಳಿಗಳವು. ಗೂಡಿನ ಮೇಲೆ ಬಲೆ ಕಟ್ಟಿಸಿ ಎಂದು ಗಂಡನಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಧಾರವಾಡದ ಕಟ್ಟಾ ಮಡಿಯ ಅತ್ತೆಯಂತೂ ಅವು ಬಂದ ದಿನದಿಂದ ಹಿತ್ತಲಲ್ಲಿ ನೆರಿಗೆ ಎತ್ತಿ ಹಿಡಿದೇ ನಡೆಯುತ್ತಿದ್ದರು.

ಕೋಳಿಯ ಬೆನ್ನಿನಿಂದ ರಕ್ತ ಬರುತ್ತಿತ್ತು. ಅತ್ತೆ ಚಳಿಗೆ ನಡುಗುತ್ತಿದ್ದರು. "ಇಲ್ಲಿ ಕೊಡ್ರಿ ಅತ್ತಿ, ನಾ ಅರಿಶಿಣ ಹಚ್ತೀನಿ" ಎಂದು ಕೈಚಾಚಿದೆ.

ಅವರು ಹಿಂದೆ ಸರಿದರು. "ದೂರ ನಿಂದ್ರು. ನಿಂದಿನ್ನೂ ಜಳಕಾ ಆಗಿಲ್ಲ."

"ಆ ಕೋಳಿದರೆ ಜಳಕಾ ಆಗ್ಯದೇನ್ರಿ?"

"ಅದಕ್ಕ ಹೇಳಿದ್ರ ತಿಳಿಯೂದಿಲ್ಲ. ನಿನಗ ತಿಳೀತದಲ್ಲ."

ಈಗ ಗೂಡಿಗೆ ಬಲೆ ಬಂದಿದೆ. ರಕ್ತದ ಕಲೆ ಹೋಗದ ಆ ಸೀರೆ ಚಳಿಗಾಳಿಗೆ ಪರದೆಯಾಗಿದೆ. ಪ್ರತಿ ಸಂಜೆ ಅದನ್ನು ಇಳಿಬಿಡುವವರು ಅತ್ತೆಯೇ. ಗಾಯ ಮಾಯ್ದ ಕೋಳಿಯ ಬೆನ್ನು ಸವರದೆ ಅವರು ಒಳಗೆ ಬರುವುದಿಲ್ಲ. ನಾನು ಮಾತ್ರ ಇವತ್ತಿಗೂ ಜಳಕವಾಗುವ ತನಕ ಅಡುಗೆಮನೆಯ ಹೊಸ್ತಿಲಾಚೆ ನಿಂತು ಚಹಾ ಕೇಳಬೇಕು.